ಅಪ್‌ಡೇಟ್: ಡ್ಯಾನ್ಯೂಬ್‌ನಲ್ಲಿ ನೀರು ಇಳಿದರೂ ಕ್ರೂಸ್‌ಗೆ ಹೋಗಿ ಬಂದೆವು

ಹಂಗೆರಿಯ ಬುಡಾಪೆಸ್ಟ್‌ನಿಂದ ಜರ್ಮನಿಯ ನ್ಯೂರೆಂಬರ್ಗ್‌ಗೆ ಕ್ರೂಸ್ (ಹಡಗು ಪ್ರವಾಸ) ಬುಕ್ ಆಗಿದೆ, ಡ್ಯಾನ್ಯೂಬ್ ನದಿಯಲ್ಲಿ ನೀರು ಕಡಿಮೆಯಂತೆ, ಕ್ಯಾನ್ಸಲ್ ಮಾಡಬೇಕಾ ಎಂದು ಕೇಳಿದ್ದೆನಲ್ಲ? ಮಾಡಲಿಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ವಿಯೆನ್ನಾ, ಮೆಲ್ಕ್ ದಾಟಿ ಪಾಸೌ ತನಕ ಏನೂ ತೊಂದರೆಯಾಗಲಿಲ್ಲ. ಅಲ್ಲಿಂದ ಮುಂದೆ ಹಡಗು ಹೋಗಲಿಲ್ಲ. ಮುಂದಿನ ದಾರಿಯಲ್ಲಿ ಸ್ಟ್ರೌಬಿಂಗ್ ಮತ್ತು ಫಿಲ್ಸ್‌ಹೋಫೆನ್ ಊರುಗಳ ನಡುವೆ ಸುಮಾರು 70 ಕಿ.ಮೀ. ದೂರ ನದಿಗೆ ಅಣೆಕಟ್ಟೇ ಇಲ್ಲ. ಅದರ ಮೇಲೂ ಕೆಳಗೂ ಅಣೆಕಟ್ಟುಗಳು ನೀರು ಹಿಡಿದಿಡುತ್ತವೆ. ಇಲ್ಲಿ ಮಾತ್ರ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆ ಜಾಸ್ತಿಯಾದರೂ ಕಷ್ಟವೇ, ಹಡಗು ಸೇತುವೆಯ ಕೆಳಗೆ ನುಗ್ಗುವುದಿಲ್ಲ!

ಬಸ್ಸಿನಲ್ಲಿ ರೆಗೆನ್ಸ್‌ಬರ್ಗ್‌ಗೆ ಕರೆದೊಯ್ದು ಅದೇ ಕಂಪನಿಯ ಇನ್ನೊಂದು ಹಡಗು ಹತ್ತಿಸಿದರು. ಅದರಲ್ಲಿದ್ದವರು ನಮ್ಮ ಹಡಗಿಗೆ. ಕ್ಯಾಬಿನ್ ನಂಬರೂ ಅದೇ. ತಲೆನೋವಾಗಿದ್ದು ಪ್ಯಾಕಿಂಗ್ ಮಾತ್ರ, ಹಿಂದಿನ ರಾತ್ರಿಯಷ್ಟೇ ಹೇಳಿದ್ದರು. ಜೊತೆಗೆ ಹಿರಿಯರಿದ್ದರೆ ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ.

ಇನ್ಶೂರೆನ್ಸ್ ಬಗ್ಗೆ ಕೇಳಿದ್ದವರಿಗೆ: ನಮ್ಮ ಪಾಲಿಸಿಯಲ್ಲಿ ಪ್ರಯಾಣ ರದ್ದಾದರೆ ಮಾತ್ರ ದುಡ್ಡು. ಬಸ್ಸು ಹತ್ತಿಸಿದರೆ ಅದು ರದ್ದಲ್ಲವಂತೆ! ಕಟ್ಟುವ ಮುಂಚೆ ಆ ಸಾಲು ಓದಿಕೊಳ್ಳಿ. ಕ್ರೂಸ್‌ನವರು ಮುಂದಿನ ಬುಕಿಂಗ್‌ಗೆ ರಿಯಾಯಿತಿ ಕೊಟ್ಟಿದ್ದಾರೆ. ಅತ್ತೆಯವರು ಈಗಲೇ ರೈನ್ ನದಿಯ ಫೋಟೋ ನೋಡುತ್ತಿದ್ದಾರೆ.