ಮೆಟರ್ನಿಟಿ ಅಂಡ್ ಚೈಲ್ಡ್ ವೆಲ್ಫೇರ್ ಸೆಂಟರ್: ಕನ್ನಡದಲ್ಲಿ ಏನು? (ತುರ್ತು)

ಗೆಳೆಯರೇ, ನಾಳೆ ಸಂಜೆಯೊಳಗೆ ಒಂದು ಅನುವಾದ ಕಳಿಸಬೇಕು. ಎರಡು ಮಹಾಯುದ್ಧಗಳ ನಡುವಿನ ಬ್ರಿಟನ್ನಿನ ನಗರಗಳ ಕುರಿತ ಲೇಖನ. ಬಸುರಿಯರಿಗೂ ಬಾಣಂತಿಯರಿಗೂ ಎಳೆಮಕ್ಕಳಿಗೂ ನಗರಸಭೆಗಳೇ ಇಂಥ ಕೇಂದ್ರ ನಡೆಸಬಹುದು ಎಂದು 1918ರಲ್ಲಿ ಅಲ್ಲಿ ಕಾಯಿದೆ ಬಂತು. ನಾನು 'ತಾಯಿ ಮತ್ತು ಶಿಶು ಚಿಕಿತ್ಸಾಲಯ' ಎಂದು ಹಾಕಿದ್ದೇನೆ. ಸಂಪಾದಕರು 'ಪ್ರಸೂತಿ ಮತ್ತು ಶಿಶು ಕಲ್ಯಾಣ ಕೇಂದ್ರ' ಎನ್ನುತ್ತಾರೆ. ಯಾವುದು ಸರಿ? ಮನೆಮನೆಗೆ ಹೋಗಿ ತಾಯಂದಿರಿಗೆ ಸಲಹೆ ಕೊಡುತ್ತಿದ್ದ ಹೆಲ್ತ್ ವಿಸಿಟರ್‌ಗೂ ಒಂದು ಪದ ಬೇಕು.

ಮರು:
ಎರಡೂ ಬೇಡ. 'ಪ್ರಸೂತಿ' ಅಂತ ಯಾವ ತಾಯಿ ಆಡುತ್ತಾಳೆ? ಹೆರಿಗೆ ಇದೆ ಅಲ್ವಾ? ಹಳಗನ್ನಡದ ಪೆಱು, ಅಂದರೆ ಪಡೆ. ತಮಿಳಿನಲ್ಲೂ ಅದೇ ಬೇರು. ಇನ್ನು ಕಲ್ಯಾಣ ಅಂದರೆ ನಮ್ಮಲ್ಲಿ ಮದುವೆ. 'ಶಿಶು ಕಲ್ಯಾಣ' ಅಂತ ಬೋರ್ಡ್ ಹಾಕಿದರೆ ಬಾಲ್ಯವಿವಾಹ ಮಾಡಿಸುವ ಛತ್ರ ಅಂದುಕೊಂಡಾರು. 'ಹೆರಿಗೆಮನೆ' ಎಂದು ಬರೆಯಿರಿ. ಮುಗಿಯಿತು.

ಮರು:
ಮುಗಿಯಲಿಲ್ಲ ಸರ್. ಈ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಹೆರಿಗೆಯೇ ಆಗುತ್ತಿರಲಿಲ್ಲ. ಎಷ್ಟೋ ಕಡೆ ಕೇಂದ್ರ ಅಂದರೆ ಬಾಡಿಗೆಗೆ ಹಿಡಿದ ಚರ್ಚಿನ ಹಾಲ್, ಅದೂ ವಾರದ ಯಾವುದೋ ಮಧ್ಯಾಹ್ನ. ಹೊರಗೆ ತಳ್ಳುಗಾಡಿಗಳ ಸಾಲು. ತಾಯಿ ಬೆಂಚಿನ ಮೇಲೆ ಕೂತು ಮಗುವಿನ ಬಟ್ಟೆ ಬಿಚ್ಚುತ್ತಾಳೆ. ನರ್ಸು ತಕ್ಕಡಿಯಲ್ಲಿಟ್ಟು ತೂಗಿ ಕಾರ್ಡಿನಲ್ಲಿ ಗುರುತು ಹಾಕುತ್ತಾಳೆ. ಹಾಲಿನ ಪುಡಿ ಅಗ್ಗಕ್ಕೆ ಸಿಗುತ್ತದೆ. ಡಾಕ್ಟರ್ ನೋಡಿ ಬುದ್ಧಿಮಾತು ಹೇಳುತ್ತಾರೆ. ಕಾಯಿಲೆ ಕಂಡರೆ ಮಾತ್ರ 'ನಿಮ್ಮ ಡಾಕ್ಟರ ಹತ್ತಿರ ಹೋಗಿ' ಎಂದು ಕಳಿಸುವುದೇ ಹೆಚ್ಚು. ಪುಕ್ಕಟೆ ಮದ್ದು ಕೊಟ್ಟರೆ ತಮ್ಮ ಫೀಜು ಹೋಗುತ್ತದಲ್ಲ ಎಂದು ಖಾಸಗಿ ವೈದ್ಯರ ತಕರಾರು. 1911ರ ಸರ್ಕಾರಿ ಆರೋಗ್ಯ ವಿಮೆ ದುಡಿಯುವ ಗಂಡನಿಗೆ ವೈದ್ಯರನ್ನು ಒದಗಿಸಿತ್ತು, ಮನೆಯಲ್ಲಿದ್ದ ಹೆಂಡತಿಗೂ ಮಕ್ಕಳಿಗೂ ಇಲ್ಲ. ಅಂದರೆ ಯಾರಿಗೆ ಜಾಸ್ತಿ ಬೇಕೋ ಅವರೇ ಹೊರಗೆ. 'ಮಕ್ಕಳು ಸಾಕು' ಎನ್ನುವವರಿಗೆ ದಾರಿ ಹೇಳಲೂ ಈ ಕೇಂದ್ರಗಳಿಗೆ 1930ರವರೆಗೆ ಸರ್ಕಾರದ ಅಪ್ಪಣೆ ಇರಲಿಲ್ಲ. ಆಮೇಲೂ ಆರೋಗ್ಯದ ಕಾರಣ ಇದ್ದರಷ್ಟೇ.

ಹಾಗಾಗಿ 'ಚಿಕಿತ್ಸಾಲಯ' ಎಂದರೆ ಚರಿತ್ರೆಯೇ ತಪ್ಪುತ್ತದೆ. 'ತಾಯಿ-ಮಗು ಆರೈಕೆ ಕೇಂದ್ರ' ಎನ್ನಿ.

ಮರು:
ಆರೈಕೆ ಸರಿ, ಅದು ಹಳಗನ್ನಡದ ಆರಯ್‌ನಿಂದ ಬಂದದ್ದು. ಕೇಂದ್ರ ಸಂಸ್ಕೃತ. 'ಆರಯ್ಕೆಮನೆ' ಆಗಲಿ.

ಮರು:
ಸಂಸ್ಕೃತಕ್ಕೂ ಕೇಂದ್ರ ಗ್ರೀಕಿನಿಂದ ಬಂದ ಸಾಲವೇ. ಅದನ್ನು ಓಡಿಸುವುದಾದರೆ, ಹೊರಗಿನಿಂದಲೇ ಬಂದ 'ಆಸ್ಪತ್ರೆ' ಎಂಬ ಪದವನ್ನೂ ಓಡಿಸುತ್ತೀರಾ? ಸುಮ್ನೆ ಕ್ಲಿನಿಕ್ ಎಂದು ಬಿಡಿ. ಹಳ್ಳಿಯಲ್ಲೂ ಗೊತ್ತು.

ಮರು:
ಕ್ಲಿನಿಕ್‌ನ ಬೇರು ಗ್ರೀಕಿನಲ್ಲಿ ಹಾಸಿಗೆ. ಹಾಸಿಗೆಯೇ ಇಲ್ಲದ ಚರ್ಚಿನ ಹಾಲಿಗೆ ಚೆನ್ನಾಗಿದೆ!

ಮರು:
ಬೇರು ಅಗೆದು ಪದ ಬಳಸುವುದಾದರೆ ಯಾರೂ ಬಾಯಿ ತೆರೆಯುವಂತಿಲ್ಲ.

ಮರು:
ಹೆಲ್ತ್ ವಿಸಿಟರ್ ಅನ್ನು ಯಾರೂ ಮುಟ್ಟಲೇ ಇಲ್ಲ. 'ಆರೋಗ್ಯ ಸಂದರ್ಶಕಿ' ನಡೆಯುತ್ತದೆಯೇ?

ಮರು:
ಸಂದರ್ಶನ ಅಂದರೆ ಈಗ ಇಂಟರ್‌ವ್ಯೂ. ಇವರ ಕೆಲಸ ಬೇರೆ. ಮಗು ಹುಟ್ಟಿದ 36 ಗಂಟೆಯೊಳಗೆ ಊರಿನ ಆರೋಗ್ಯಾಧಿಕಾರಿಗೆ ತಿಳಿಸಬೇಕು ಎಂಬ ಕಾನೂನು 1907ರದು. ಒಪ್ಪಿದ ಊರುಗಳಲ್ಲಷ್ಟೇ ಇದ್ದದ್ದು 1915ರಲ್ಲಿ ಎಲ್ಲ ಕಡೆಗೂ ಬಂತು. ಆ ಸುದ್ದಿ ಹಿಡಿದು ಈಕೆ ಮನೆಬಾಗಿಲಿಗೆ ಬರುತ್ತಿದ್ದಳು. ಮೊಲೆಹಾಲು ಕೊಡು, ಬಾಟಲಿ ಕುದಿಸು, ಕಿಟಕಿ ತೆಗೆ ಎಂದು ಹೇಳಿ ಹೋಗುತ್ತಿದ್ದಳು. ಕೆಲವು ತಾಯಂದಿರಿಗೆ ಇದು ನೆರವು, ಕೆಲವರಿಗೆ ತಪಾಸಣೆ. 'ಮನೆಭೇಟಿ ದಾದಿ' ಹೊಂದುತ್ತದೆ.

ಮರು:
ಸೂಲಗಿತ್ತಿಯ ಕೆಲಸವನ್ನೂ ಇವಳೇ ಮಾಡುತ್ತಿದ್ದಳೇ? ಹಾಗಿದ್ದರೆ ಸೂಲು ಎಂಬ ಚಂದದ ಪದ ಇದೆ. ನಮ್ಮ ಕಡೆ ಎಮ್ಮೆಗೂ ಎರಡನೇ ಸೂಲು ಎನ್ನುತ್ತೇವೆ.

ಮರು:
ಇಲ್ಲ, ಹೆರಿಗೆ ಮಾಡಿಸುವವಳು ಬೇರೆ. 1902ರ ಕಾಯಿದೆಯಿಂದ ಅವಳಿಗೆ ಬೇರೆಯದೇ ನೋಂದಣಿ.

ಮರು:
ಸರಿ. 'ತಾಯಿ-ಮಗು ಆರೈಕೆ ಕೇಂದ್ರ' ಇಟ್ಟುಕೊಳ್ಳುತ್ತೇನೆ. ಹೆಲ್ತ್ ವಿಸಿಟರ್ ಹಾಗೇ ಇರಲಿ, ಮೊದಲ ಸಲ ಬಂದಾಗ ಒಂದು ಸಾಲು ವಿವರಣೆ ಕೊಡುತ್ತೇನೆ.

ಮರು:
ಇಂಗ್ಲಿಷನ್ನೇ ಇಡುವುದಾದರೆ ಇಲ್ಲಿ ಕೇಳಿದ್ದೇಕೆ?