ಅಕ್ಕಾ, ಪುಟ್ಟನಿಗೆ ಇನ್ನು ಬೈಯಬೇಡ

ಅಕ್ಕಾ, ಎಲ್ಲರಿಗೂ ನಮಸ್ಕಾರ. ಇದನ್ನು ವಾಯ್ಸ್ ಮೆಸೇಜ್ ಆಗಿಯೇ ಕಳಿಸೋಣ ಅಂತಿದ್ದೆ. ಆದರೆ ಭಾವ ಹತ್ತು ನಿಮಿಷದ ವಾಯ್ಸ್ ಕೇಳುವವರಲ್ಲ, ಎರಡನೇ ನಿಮಿಷಕ್ಕೇ ಗೊರಕೆ. ಅದಕ್ಕೆ ಮೊಬೈಲ್ ಮುಂದೆ ಮಾತಾಡಿದ್ದೇನೆ, ಅದೇ ಬರೆದುಕೊಂಡಿದೆ. ಅಕ್ಷರ ಹೆಚ್ಚು ಕಡಿಮೆ ಆಗಿದ್ದರೆ ಹೊಂದಿಸಿಕೊಂಡು ಓದಿ.

ಬೆಳಿಗ್ಗೆ ಗ್ರೂಪ್ ತೆರೆದರೆ ಅಕ್ಕನದೇ ನಾಲ್ಕು ಮೆಸೇಜ್. ಶನಿವಾರ ರಾತ್ರಿ ಅಕ್ಕನ ಮಗ ಪುಟ್ಟ ಬೆಂಗಳೂರಿಂದ ಹಾಸನಕ್ಕೆ ಬೈಕಲ್ಲಿ ಬರುತ್ತಿದ್ದನಂತೆ. ಯಡಿಯೂರು ದಾಟಿದ ಮೇಲೆ ಗಂಡ ಹೆಂಡತಿ ಇಬ್ಬರು ಪಂಚರ್ ಆದ ಸ್ಕೂಟರ್ ತಳ್ಳಿಕೊಂಡು ಹೋಗುತ್ತಿದ್ದರಂತೆ, ಜೊತೆಗೊಂದು ಮಗು. ಇವನು ನಿಲ್ಲಿಸಿದ್ದಾನೆ. ಒಂಬತ್ತೂವರೆಗೆ ಮನೆ ಸೇರಬೇಕಾದವನು ಹನ್ನೊಂದೂಮುಕ್ಕಾಲಿಗೆ ಬಂದ. ಅದೂ ಹೊಸ ರೇನ್‌ಕೋಟ್ ಆ ಮಗುವಿಗೆ ಹೊದಿಸಿ ಕೊಟ್ಟು, ತಾನು ತೊಪ್ಪೆಯಾಗಿ ನೆನೆದು ಬಂದ. "ದಾರಿಯಲ್ಲಿ ಯಾರಿಗೂ ನಿಲ್ಲಿಸಬಾರದು ಅಂತ ಎಲ್ಲರೂ ಅವನಿಗೆ ಹೇಳಿ" ಅಂತ ಅಕ್ಕ ಬರೆದಿದ್ದಾಳೆ. ಚಿಕ್ಕಪ್ಪ ಅದಕ್ಕೆ ಹೆಬ್ಬೆರಳು ಎತ್ತಿದ್ದಾರೆ. "ನಾಳೆ ಯಾರೋ ಆಕ್ಸಿಡೆಂಟ್ ಆದವರಿಗೆ ನಿಲ್ಲಿಸಿ ಪೊಲೀಸ್ ಕೇಸ್ ಆದರೆ ಕೋರ್ಟಿಗೆ ಅಲೆಯುವವರು ಯಾರು?" ಅಂತ ಭಾವ ಕೇಳಿದ್ದಾರೆ.

ನಾನಂತೂ ಅವನಿಗೆ ನಿಲ್ಲಿಸಬೇಡ ಅಂತ ಹೇಳುವುದಿಲ್ಲ. ಹೇಗೆ ನಿಲ್ಲಿಸಬೇಕು ಅಂತ ಹೇಳುತ್ತೇನೆ.

ಮೊದಲು ಅಕ್ಕನ ಭಯದ ಮಾತು. ಅದು ಸುಳ್ಳಲ್ಲ. ಕತ್ತಲಲ್ಲಿ ಗಾಡಿ ಕೆಟ್ಟ ಹಾಗೆ ನಟಿಸಿ ನಿಲ್ಲಿಸಿದವರನ್ನು ದೋಚುವವರು ಇದ್ದಾರೆ. ಆದರೆ ಪುಟ್ಟ ನಿಲ್ಲಿಸಿದ್ದು ಮಗು ಎತ್ತಿಕೊಂಡು ಮಳೆಯಲ್ಲಿ ನಡೆಯುತ್ತಿದ್ದವರಿಗೆ. ಆ ಹೆಂಗಸಿಗೂ ಹೆಲ್ಮೆಟ್ ಹಾಕಿಕೊಂಡು ಬಂದು ನಿಂತ ಹುಡುಗನನ್ನು ನೋಡಿ ಭಯ ಆಗಿರುತ್ತದೆ, ಅಲ್ವಾ? ಮುಖವೇ ಕಾಣುವುದಿಲ್ಲ. ಅದಕ್ಕೇ ಪುಟ್ಟ, ನಿಲ್ಲಿಸಿದ ತಕ್ಷಣ ಮೊದಲು ಹೆಲ್ಮೆಟ್ ತೆಗೆ. ಆಮೇಲೆ ಮಾತು.

ಅಪ್ಪನ ಚೇತಕ್ ನೆನಪಿದೆಯಾ ಅಕ್ಕಾ? ಸ್ಟೆಪ್ನಿ ಇತ್ತು ಅದಕ್ಕೆ. ಪಂಚರ್ ಆದರೆ ಹತ್ತು ನಿಮಿಷದಲ್ಲಿ ಚಕ್ರ ಬದಲಾಯಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಒಂದು ಕಡೆಗೆ ವಾಲಿಸಿ ಮತ್ತೆ ಕಿಕ್. ಈಗಿನ ಸ್ಕೂಟರ್‌ಗಳಲ್ಲಿ ಸ್ಟೆಪ್ನಿ ಎಲ್ಲಿದೆ? ಹೆದ್ದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಪಂಚರ್ ಅಂಗಡಿ ಸಿಕ್ಕಿತು ಅಂದರೆ ಅದೃಷ್ಟ. ಪೆಟ್ರೋಲ್ ಕಥೆಯೂ ಅಷ್ಟೇ. ಮೊದಲು ಟ್ಯಾಂಕ್ ಕೆಳಗಿನ ಪೈಪ್ ಕಿತ್ತು, ಬಾಟಲಿ ಹಿಡಿದು, ಕಾಲು ಲೀಟರ್ ಕೊಟ್ಟು ಕಳಿಸುತ್ತಿದ್ದೆವು. 2020ರಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಗಾಡಿಗಳಿಗೆ ಫ್ಯುಯೆಲ್ ಇಂಜೆಕ್ಷನ್, ಅಂದರೆ ಪಂಪಿನ ಒತ್ತಡದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವುದು. ಹಾಗೆ ಪೈಪ್ ಕಿತ್ತು ಹಿಡಿಯುವುದಕ್ಕೆ ಆಗುವುದಿಲ್ಲ. ಬಂಕಿಗೆ ಹೋದರೆ "ಬಾಟಲಿಗೆ ಹಾಕಲ್ಲ ಸಾರ್" ಅನ್ನುತ್ತಾರೆ. ಹಾಗಾಗಿ ಈಗ ಒಬ್ಬ ನಿಂತರೆ ಅವನ ಅರ್ಧ ಗಂಟೆ, ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ. ಪುಟ್ಟನಿಗೆ ಎರಡು ಗಂಟೆ ಹೋಗಿದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ.

ಇನ್ನು ಈ ಕಾಲು ಕೊಟ್ಟು ತಳ್ಳುವುದು. ಮುಂದಿನ ಕೆಟ್ಟ ಗಾಡಿಯ ಫುಟ್‌ರೆಸ್ಟಿಗೆ ಹಿಂದಿನವನು ಕಾಲು ಕೊಟ್ಟು ತಳ್ಳಿಕೊಂಡು ಹೋಗುತ್ತಾನಲ್ಲ, ಅದು. ಊರೊಳಗೆ ಬಂಕಿನ ತನಕ ಸರಿ. ಹೆದ್ದಾರಿಯಲ್ಲಿ ಮಾತ್ರ ಬೇಡವೇ ಬೇಡ. ಪಕ್ಕದಲ್ಲೊಂದು ಬಸ್ಸು ಹಾದು ಹೋದರೆ ಆ ಗಾಳಿಗೇ ಇಬ್ಬರೂ ಅಲ್ಲಾಡುತ್ತೀರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಬೈಕಿಗೆ ಟೋಲ್ ಕಟ್ಟುವುದಿಲ್ಲವಲ್ಲ, ನಮಗೆಲ್ಲಿ ಬರುತ್ತಾರೆ ಅಂತ ಸಂಕೋಚ ಪಡಬೇಡಿ. ಆ ನಂಬರ್ ದಾರಿಯಲ್ಲಿ ಹೋಗುವ ಎಲ್ಲರಿಗೂ ಇರುವುದು.

ಈಗ ಭಾವನ ಪ್ರಶ್ನೆ. ಭಾವ, ಇದೇ ಪ್ರಶ್ನೆ ಒಂದು ಸಲ ನನ್ನ ಕೈಯಲ್ಲಿ ಕೆಟ್ಟ ಕೆಲಸ ಮಾಡಿಸಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

2011 ಇರಬೇಕು. ಬೇಲೂರಿಂದ ಹಾಸನಕ್ಕೆ ಬರುತ್ತಿದ್ದೆ, ಸಂಜೆ ಆರೂವರೆ ಸುಮಾರು. ರಸ್ತೆ ಬದಿಯಲ್ಲಿ ಒಂದು ಟಿವಿಎಸ್ ಎಕ್ಸೆಲ್ ಮಗುಚಿ ಬಿದ್ದಿತ್ತು. ಹಾಲಿನ ಕ್ಯಾನ್ ಉರುಳಿ ಟಾರ್ ಮೇಲೆಲ್ಲ ಹಾಲು. ಆ ಮನುಷ್ಯ ಮಗ್ಗುಲಾಗಿ ಮಲಗಿದ್ದ, ಕಾಲಲ್ಲಿ ಒಂದೇ ಚಪ್ಪಲಿ. ನಾನು ಗೇರ್ ಇಳಿಸಿದೆ. ನೋಡಿದೆ. ಸ್ಟೇಷನ್ನು, ಹೇಳಿಕೆ, "ನೀನೇ ಗುದ್ದಿದ್ದಾ?" ಅಂತ ಕೇಳುವುದು, ವರ್ಷಗಟ್ಟಲೆ ಕೋರ್ಟು, ಎಲ್ಲಾ ಒಟ್ಟಿಗೆ ತಲೆಗೆ ಬಂತು. ಮತ್ತೆ ಗೇರ್ ಏರಿಸಿದೆ. ಹಾಲಿನ ಮೇಲೆ ಗಾಡಿ ಜಾರದ ಹಾಗೆ ಹುಷಾರಾಗಿ ಪಕ್ಕಕ್ಕೆ ತೆಗೆದುಕೊಂಡು ಹೋದೆ. ಅಷ್ಟು ಹುಷಾರು ನಾನು. ಮಾರನೇ ದಿನ ತಡೆಯಲಾಗದೆ ಅಲ್ಲಿಗೇ ಹೋದೆ. ಹತ್ತಿರದ ಟೀ ಅಂಗಡಿಯವನು "ಯಾರೋ ಆಟೋದಲ್ಲಿ ಹಾಕಿಕೊಂಡು ಹೋದರು" ಅಂದ. ಅಷ್ಟೇ ಗೊತ್ತು. ಬದುಕಿದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಈಗ ಆ ನೆಪ ಹೇಳುವ ಹಾಗಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಇದರ ಮೇಲೆ ಆದೇಶ ಕೊಟ್ಟಿತು. ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134-ಎ ಅಂತ ಕಲಂ ಸೇರಿಸಿದರು. ಗಾಯಗೊಂಡವರಿಗೆ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವನ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸ್ ಹಾಕುವಂತಿಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಕೊಡು ಅಂತ ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯವರು "ದುಡ್ಡು ಕಟ್ಟಿ, ಆಮೇಲೆ ಹೋಗಿ" ಅಂತ ತಡೆದು ನಿಲ್ಲಿಸುವಂತಿಲ್ಲ. ಸಾಕ್ಷಿ ಹೇಳುವುದು ಅವನಿಷ್ಟ. ನಮ್ಮ ರಾಜ್ಯದಲ್ಲಂತೂ ಇದಕ್ಕೇ ಬೇರೆ ಕಾಯ್ದೆ ಇದೆ. ಸಹಾಯ ಮಾಡಿದವರಿಗೆ ಕೇಂದ್ರದ ಬಹುಮಾನವೂ ಇದೆ, 2021ರಲ್ಲಿ 5,000 ರೂಪಾಯಿ ಅಂತ ಶುರುವಾಯಿತು. ಆ ದುಡ್ಡಿಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ ಬಿಡಿ. ಸ್ಟೇಷನ್ನಿನಲ್ಲಿ ಕೂರಿಸಿಕೊಳ್ಳುವ ಬದಲು ಕರೆದು ಬಹುಮಾನ ಕೊಡುವ ಮಟ್ಟಕ್ಕಾದರೂ ಬಂತಲ್ಲ ಅಂತ ಹೇಳಿದೆ.

ಅದೇ 2016ರ ಫೆಬ್ರವರಿ ನಿಮಗೆಲ್ಲ ನೆನಪಿರಬೇಕು. ನೆಲಮಂಗಲದ ಹತ್ತಿರ ಹರೀಶ್ ಅನ್ನುವ ಹುಡುಗ, ಬೈಕಲ್ಲಿ ಬರುತ್ತಿದ್ದವನು, ಲಾರಿಗೆ ಸಿಕ್ಕಿದ. ದೇಹ ಎರಡು ತುಂಡಾಗಿದ್ದರೂ ಪ್ರಜ್ಞೆ ಇತ್ತು. ತನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿ ಹೋದ. ಕಣ್ಣು ದಾನವಾಯಿತು. ಅಕ್ಕ ಆ ಸುದ್ದಿ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಸರ್ಕಾರ ಅವನ ಹೆಸರಲ್ಲೇ ಸಾಂತ್ವನ ಯೋಜನೆ ಮಾಡಿತು. ರಸ್ತೆ ಅಪಘಾತ ಆದವರಿಗೆ ಮೊದಲ 48 ಗಂಟೆ, 25,000 ರೂಪಾಯಿ ತನಕ ಚಿಕಿತ್ಸೆ ಉಚಿತ ಅಂತ. ಪುಟ್ಟನ ದಾರಿಯೂ ಅದೇ ನೆಲಮಂಗಲ ತಾನೇ ಅಕ್ಕಾ. ಪ್ರತಿ ಶನಿವಾರ ಅವನು ಹಾದು ಬರುವುದು ಅಲ್ಲೇ. ಅದಕ್ಕೇ ನಿನಗೆ ಭಯ, ಗೊತ್ತು. ನನಗೂ ಇದೆ.

ಪುಟ್ಟ, ಈಗ ನಿನಗೆ. ಆಕ್ಸಿಡೆಂಟ್ ಕಂಡರೆ ಗಾಡಿಯನ್ನು ರಸ್ತೆ ಮಧ್ಯೆ ನಿಲ್ಲಿಸಬೇಡ. ಪೂರ್ತಿ ಪಕ್ಕಕ್ಕೆ ತೆಗೆದುಕೋ, ಇಂಡಿಕೇಟರ್ ಹಾಕಿ ಬಿಡು. ಹಿಂದಿನಿಂದ ಬರುವವರಿಗೆ ಕಾಣುವ ಹಾಗೆ ಒಬ್ಬರನ್ನು ಸ್ವಲ್ಪ ದೂರ ಹಿಂದಕ್ಕೆ, ರಸ್ತೆ ಬದಿಯಲ್ಲಿ, ಮೊಬೈಲ್ ಟಾರ್ಚ್ ಹಿಡಿಸಿ ನಿಲ್ಲಿಸು. ಒಂದಿಷ್ಟು ಸೊಪ್ಪು ಮುರಿದು ಹಾಕಿದರೂ ಆಯಿತು. ಕಲ್ಲು ಮಾತ್ರ ಇಡಬೇಡ. ಕೆಟ್ಟು ನಿಂತ ಲಾರಿಯವರು ಕಲ್ಲಿಟ್ಟು, ರಿಪೇರಿ ಆದ ಮೇಲೆ ಹಾಗೇ ಬಿಟ್ಟು ಹೋಗುತ್ತಾರೆ. ಆ ಕಲ್ಲಿಗೆ ರಾತ್ರಿ ನಮ್ಮಂಥವರೇ ಹೊಡೆಯುವುದು. 108ಕ್ಕೆ ಫೋನ್ ಮಾಡು, ಇಲ್ಲ 112ಕ್ಕೆ. ಕಿಲೋಮೀಟರ್ ಕಲ್ಲಿನ ಮೇಲೆ ಬರೆದದ್ದನ್ನು ಓದಿ ಹೇಳು. "ಇಲ್ಲೇ, ದೊಡ್ಡ ಮರದ ಹತ್ತಿರ" ಅಂದರೆ ಅವರಿಗೆ ಹೇಗೆ ಸಿಗಬೇಕು?

ಬಿದ್ದವನು ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡ. ಮುಂದಿನ ಗಾಜು ಮೇಲೆತ್ತು. ಕತ್ತು ಅಲ್ಲಾಡಿಸಬೇಡ. ರಕ್ತ ಹೋಗುತ್ತಿದ್ದರೆ ಟವೆಲ್ ಮಡಚಿ ಒತ್ತಿ ಹಿಡಿ, ನಿಂತಿತಾ ಅಂತ ಪದೇಪದೇ ತೆಗೆದು ನೋಡಬೇಡ. ನೀರು ಕುಡಿಸಬೇಡ. ನಮ್ಮ ಜನಕ್ಕೆ ಬಿದ್ದವರನ್ನು ಕಂಡರೆ ಮೊದಲು ನೆನಪಾಗುವುದೇ ನೀರು. ಪ್ರಜ್ಞೆ ಸರಿಯಿಲ್ಲದವನಿಗೆ ಅದು ಉಸಿರಿನ ದಾರಿಗೆ ಹೋಗಬಹುದು. ಮುಖಕ್ಕೆ ಬಾಟಲಿ ಹಿಡಿದು ಬರುವವರನ್ನು ತಡೆಯುವುದೇ ಒಂದು ಕೆಲಸ, ನೋಡುತ್ತಿರು.

ಬೈಕ್ ಮೇಲೆ ಮಧ್ಯೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುವುದೂ ಬೇಡ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲ್ಲಿಗೆ ಕೆಟ್ಟಿತು. ಬಂಗಾಳದ ಜಲ್ಪಾಯ್‌ಗುರಿ ಕಡೆ ಕರೀಮುಲ್ ಹಕ್ ಅಂತ ಒಬ್ಬರಿದ್ದಾರೆ, ಟೀ ತೋಟದ ಕೂಲಿಯಾಳು. ಆಂಬುಲೆನ್ಸ್ ಸಿಗದೆ ತಾಯಿ ತೀರಿಕೊಂಡರು. ಆಮೇಲೆ ತಮ್ಮ ಬೈಕನ್ನೇ ಆಂಬುಲೆನ್ಸ್ ಮಾಡಿಕೊಂಡು ಊರೂರಿನ ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ಆದರೆ ಅಲ್ಲಿನ ಕಾಡು ದಾರಿಗೆ ಬೇರೆ ಏನೂ ಬರುತ್ತಿರಲಿಲ್ಲ. ನಮ್ಮ ಹೆದ್ದಾರಿಗೆ 108 ಬರುತ್ತದೆ. ಕಾಯುವಷ್ಟು ಹೊತ್ತು ಪಕ್ಕದಲ್ಲಿ ಕೂತು ಮಾತಾಡಿಸುತ್ತಿರು, ಸಾಕು.

ರಾತ್ರಿ ಒಬ್ಬನೇ ಇದ್ದು ಯಾಕೋ ಅನುಮಾನ ಬಂದರೆ, ನಿಲ್ಲಿಸದೆ ಮುಂದೆ ಬೆಳಕಿರುವ ಕಡೆ ಹೋಗಿ ಫೋನ್ ಮಾಡು. ಅದೂ ಸಹಾಯವೇ. ಯಾರಾದರೂ "ಒಂದು ಕಾಲ್ ಮಾಡಿಕೊಳ್ಳುತ್ತೇನೆ, ಫೋನ್ ಕೊಡಿ" ಅಂದರೆ ನಂಬರ್ ಕೇಳಿ ನೀನೇ ಹಚ್ಚು, ಸ್ಪೀಕರ್ ಹಾಕು. ಫೋನ್ ಕೈಗೆ ಕೊಡಬೇಡ. ಗಾಡಿ ಕೀ ಯಾವಾಗಲೂ ಜೇಬಲ್ಲಿರಲಿ.

ಸಣ್ಣ ಸಹಾಯಕ್ಕೆ ನಿಲ್ಲುವುದೂ ಬೇಕಿಲ್ಲ. ಸೈಡ್ ಸ್ಟ್ಯಾಂಡ್ ಎತ್ತಿಲ್ಲ, ಸೆರಗು ಚಕ್ರದ ಹತ್ತಿರ ಹೋಗಿದೆ ಅಂತ ಕೂಗಿ ಹೇಳುವುದು ನಮ್ಮಲ್ಲಿ ಈಗಲೂ ಇದೆ. ಹಗಲಲ್ಲಿ ಲೈಟ್ ಉರಿಯುತ್ತಿದೆ ಅಂತ ಐದು ಬೆರಳು ಮುಚ್ಚಿ ತೆರೆದು ತೋರಿಸುತ್ತಾರಲ್ಲ, 2017ರಿಂದ ಹೊಸ ಗಾಡಿಗಳ ಹೆಡ್‌ಲೈಟ್ ಆರಿಸುವುದಕ್ಕೇ ಬರುವುದಿಲ್ಲ. ಆದರೂ ಹೇಳುವವರು ಬಿಟ್ಟಿಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಈಗ ಸುಮ್ನೆ ತಲೆ ಆಡಿಸುತ್ತೇನೆ.

ನನಗೂ ಒಬ್ಬರು ನಿಂತಿದ್ದರು. 2019ರ ಜುಲೈ, ಶಿರಾಡಿ ಘಾಟಿ, ಮಳೆ ಅಂದರೆ ಮಳೆ. ಮಾರನಹಳ್ಳಿ ದಾಟಿದ ಮೇಲೆ ನನ್ನ ಬುಲೆಟ್‌ನ ಕ್ಲಚ್ ಕೇಬಲ್ ಕಟ್ಟಾಯಿತು. ಫೋನ್ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆ ನಿಂತಿದ್ದೆ. ಎಷ್ಟೋ ಕಾರು ಹೋದವು. ಆಗ ಕೆಎ-19 ನಂಬರಿನ ಬುಲೆಟ್ ಒಂದು ಬಂತು. ಆ ಪುಣ್ಯಾತ್ಮ ತನ್ನ ಗಾಡಿಯ ಕೇಬಲ್ ಪಕ್ಕದಲ್ಲೇ ಇನ್ನೊಂದು ಹೊಸ ಕೇಬಲ್ ಕಟ್ಟಿಕೊಂಡು ಓಡಾಡುತ್ತಿದ್ದರು. ಒಂದು ಹೋದರೆ ಇನ್ನೊಂದು ಸಿಕ್ಕಿಸುವುದು, ಅಷ್ಟೇ. ಅದನ್ನೇ ಬಿಚ್ಚಿ ನನಗೆ ಹಾಕಿಕೊಟ್ಟರು. ನಾನು ಐನೂರು ಹಿಡಿದೆ. "ಅಷ್ಟೆಲ್ಲ ಬೇಡ, ಕೇಬಲಿನ ನೂರೈವತ್ತು ಕೊಡಿ, ನನಗೆ ಮತ್ತೊಂದು ಬೇಕಲ್ಲ" ಅಂದರು. ಚಿಲ್ಲರೆ ಎಣಿಸಿ ವಾಪಸ್ ಕೊಟ್ಟರು. ಹೊರಡುವಾಗ "ತಿರುವಿನಲ್ಲಿ ಮೀನಿನ ಲಾರಿಯ ನೀರು ಬಿದ್ದುಂಟು, ಮೆಲ್ಲ ಹೋಗಿ ಮಾರಾಯ್ರೆ" ಅಂದರು. ಹೆಸರು ಕೇಳಲಿಲ್ಲ. ಅವತ್ತಿಂದ ನನ್ನ ಗಾಡಿಯಲ್ಲೂ ಎರಡು ಕೇಬಲ್.

ಒಂದು ವಿಷಯಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಇದನ್ನೆಲ್ಲ ಮಾತಾಡುವಾಗ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. "ಅಪ್ಪಾ, ಪುಟ್ಟಣ್ಣ ನಿಲ್ಲಿಸಬಹುದು. ನಾನೂ ರಾತ್ರಿ ನಿಲ್ಲಿಸಬಹುದಾ?" ಅಂದಳು. ಬಾಯಿ ಕಟ್ಟಿತು. "ಮುಂದೆ ಹೋಗಿ ಫೋನ್ ಮಾಡಮ್ಮ" ಅಂದೆ. ಅವಳು ಮುಖ ನೋಡಿದಳು. ಅಕ್ಕಾ, ಆಗ ನಿನ್ನ ನಾಲ್ಕು ಮೆಸೇಜ್ ಇನ್ನೂ ಚೆನ್ನಾಗಿ ಅರ್ಥವಾದವು.

ಭಾನುವಾರ ನಾನು ಅಲ್ಲಿಗೆ ಬರುತ್ತೇನೆ. ಪುಟ್ಟ, ಎಲ್ಲೂ ಹೋಗಬೇಡ. ನಿನ್ನ ಗಾಡಿಗೆ ಟ್ಯೂಬ್‌ಲೆಸ್ ಪಂಚರ್ ಕಿಟ್ಟು, ಸಣ್ಣ ಕಾಲು ಪಂಪು ತರುತ್ತೇನೆ. ಮೊಳೆ ಕಿತ್ತು, ತೂತು ಉಜ್ಜಿ, ಅಂಟಿನ ಪಟ್ಟಿ ತುರುಕುವುದನ್ನು ಹಳೇ ಟೈರಿನ ಮೇಲೆ ನಾಲ್ಕು ಸಲ ಮಾಡಿಸುತ್ತೇನೆ. ಕಲಿತರೆ ಮುಂದಿನ ಸಲ ಎರಡು ಗಂಟೆ ಆಗುವುದಿಲ್ಲ. ತಡವಾಗುತ್ತದೆ ಅನ್ನಿಸಿದರೆ ಅಮ್ಮನಿಗೆ ಒಂದು ಲೊಕೇಶನ್ ಕಳಿಸು. ಅದನ್ನು ಕಳಿಸದೇ ಇದ್ದದ್ದಕ್ಕೆ ನಾನೂ ನಿನಗೆ ಬೈಯುತ್ತೇನೆ.

ರೇನ್‌ಕೋಟ್ ನಾನು ಕೊಡಿಸುತ್ತೇನೆ ಅಕ್ಕಾ, ಆ ಲೆಕ್ಕ ಬಿಡು. ಈ ಸಲ ಎರಡು ತರುತ್ತೇನೆ, ಒಂದು ಮಕ್ಕಳ ಸೈಜಿನದು. ನೀನು ಅವರೆಕಾಳು ಸಾರು ಮಾಡಿಡು.