ಕಂಟೇನರ್ ಒಳಗೆ ಎಡಿಬಿ: ಕರೆಂಟ್ ಹೋಗಿ ಬಂದರೆ ಫೋನೇ ಮಾಯ

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಮೂರು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ. ಗೊತ್ತಿರುವವರು ಸ್ವಲ್ಪ ನೋಡಿ.

ನಾವಿಬ್ಬರು ಸೇರಿ ಇಲ್ಲಿನ ಮೆಕ್ಕೆಜೋಳದ ದಲಾಲಿ ಅಂಗಡಿಗಳಿಗೆ ಒಂದು ಆಪ್ ಮಾಡುತ್ತಿದ್ದೇವೆ. ತೂಕದ ಚೀಟಿ, ಹಮಾಲಿ, ರೈತರ ಲೆಕ್ಕ, ಅಷ್ಟೇ. ಅಂಗಡಿ ಗುಮಾಸ್ತರ ಕೈಯಲ್ಲಿ ಇರುವುದೆಲ್ಲ ಹಳೇ ಫೋನು. ಹಾಗಾಗಿ ಅಂಥವೇ ನಾಲ್ಕು ಫೋನು ತಂದು ಟೇಬಲ್ ಮೇಲೆ ಇಟ್ಟು ಟೆಸ್ಟ್ ಓಡಿಸುತ್ತೇವೆ. ನನ್ನ ಲ್ಯಾಪ್‌ಟಾಪಲ್ಲಿ ಓಡಿದ್ದು ಪಾರ್ಟ್ನರ್ ಲ್ಯಾಪ್‌ಟಾಪಲ್ಲಿ ಓಡುತ್ತಿರಲಿಲ್ಲ. ಆ ಜಗಳ ಸಾಕಾಗಿ ಟೂಲ್ಸನ್ನೆಲ್ಲ ಡಾಕರ್ ಕಂಟೇನರಿಗೆ (ಯಾವ ಕಂಪ್ಯೂಟರಲ್ಲೂ ಒಂದೇ ಥರ ಓಡುವ ಮುಚ್ಚಿದ ಡಬ್ಬಿ ಇದ್ದ ಹಾಗೆ) ಹಾಕಿದೆ. ಇಬ್ಬರದೂ ಉಬುಂಟು ಲಿನಕ್ಸ್.

ಕಂಟೇನರ್ ಶುರು ಮಾಡುವಾಗ /ಡೆವ್/ಬಸ್/ಯುಎಸ್‌ಬಿ/001/012 ಅಂತ ಫೋನಿನ ಡಿವೈಸ್ ಕೊಡುತ್ತೇನೆ. ಒಳಗೆ ಎಡಿಬಿಯಲ್ಲಿ (ಕಂಪ್ಯೂಟರಿಂದ ಆಂಡ್ರಾಯ್ಡ್ ಫೋನಿಗೆ ಆದೇಶ ಕೊಡುವ ಟೂಲ್) ಎಡಿಬಿ ಡಿವೈಸಸ್ ಅಂದರೆ ಫೋನು ಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತೆ. ಕರೆಂಟ್ ಹೋಗಿ ಬಂದರೆ ಮುಗೀತು, ಪಟ್ಟಿ ಖಾಲಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಆದರೆ ಯುಎಸ್‌ಬಿ ಹಬ್ ಗೋಡೆಯ ಅಡಾಪ್ಟರಲ್ಲಿ ನಡೆಯುತ್ತೆ. ಅದು ಆರಿದರೆ ನಾಲ್ಕೂ ಫೋನು ಬಿಟ್ಟು ಹೋಗಿ ಮತ್ತೆ ಬರುತ್ತವೆ. ನಮ್ಮ ಬೀದಿಯಲ್ಲಿ ಅದು ದಿನಕ್ಕೆ ಎರಡು ಮೂರು ಸಲ.

ಇನ್ನೊಂದು ಕಾಟ. ಹೊಸ ಕಂಟೇನರ್ ಎಬ್ಬಿಸಿದಾಗೆಲ್ಲ ಫೋನು ಡೀಬಗ್ಗಿಂಗಿಗೆ (ಕಂಪ್ಯೂಟರ್ ತನ್ನನ್ನು ನಡೆಸುವುದಕ್ಕೆ) ಒಪ್ಪಿಗೆ ಕೇಳುತ್ತೆ. ಒಂದು ಫೋನಿನ ಸ್ಕ್ರೀನ್ ಕೆಳಗಡೆ ಎರಡು ಬೆರಳಷ್ಟು ಒಡೆದಿದೆ. ಅಲ್ಲಿ ಟಚ್ ಸತ್ತಿದೆ, ಓಕೆ ಬಟನ್ ಸರಿಯಾಗಿ ಅಲ್ಲೇ ಬರುತ್ತೆ. ಫೋನನ್ನು ಅಡ್ಡ ತಿರುಗಿಸಿ, ಬಟನ್ ಪಕ್ಕಕ್ಕೆ ಬಂದ ಮೇಲೆ ಒತ್ತಬೇಕು. ದಿನಾ ಇದೇ ಸರ್ಕಸ್ಸು.

ಕೆಲವೊಮ್ಮೆ ಬೆಳಿಗ್ಗೆಯಿಂದಲೇ ಕಂಟೇನರಲ್ಲಿ ಏನೂ ಕಾಣಲ್ಲ, ಹೊರಗೆ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ (ಆಪ್ ಬರೆಯುವ ಸಾಫ್ಟ್‌ವೇರ್) ಮಾತ್ರ ಕಾಣುತ್ತೆ. ಇದು ಯಾಕೆ ಅಂತ ನನಗೆ ಅರ್ಥವೇ ಆಗಿಲ್ಲ. ಕಂಟೇನರಿಗೆ ಪ್ರಿವಿಲೆಜ್ಡ್ (ಲ್ಯಾಪ್‌ಟಾಪಿನ ಮೇಲೆ ಪೂರ್ತಿ ಅಧಿಕಾರ) ಅಂತ ಕೊಟ್ಟು ಓಡಿಸಿ ಅಂತ ಎಲ್ಲೋ ಓದಿದೆ. ಕೊಟ್ಟುಬಿಡಲಾ?

(ಫೋನಲ್ಲೇ ಕನ್ನಡ ಕೀಬೋರ್ಡಲ್ಲಿ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳಿದ ಹಾಗೆ ಓದಿಕೊಳ್ಳಿ.)

ಹಡಗಲಿ ಹುಡುಗ

ಅಣ್ಣಾ, ಒಂದೇ ಡಿವೈಸ್ ಕೊಟ್ಟರೆ ಹಾಗೇ ಆಗುತ್ತೆ. ಫೋನ್ ಬಿಟ್ಟು ಮತ್ತೆ ಹತ್ತಿದಾಗ ನಂಬರ್ ಬದಲಾಗುತ್ತೆ, 012 ಇದ್ದದ್ದು 016 ಆಗಿರುತ್ತೆ. ಕಂಟೇನರ್ ಇನ್ನೂ ಹಳೇ ನಂಬರನ್ನೇ ಹಿಡಿದು ಕೂತಿರುತ್ತೆ. /ಡೆವ್/ಬಸ್/ಯುಎಸ್‌ಬಿ ಫೋಲ್ಡರನ್ನೇ ಪೂರ್ತಿ ಮೌಂಟ್ ಮಾಡಿ, ಅಂದರೆ ಕಂಟೇನರ್ ಒಳಗೂ ಕಾಣುವ ಹಾಗೆ ಜೋಡಿಸಿ. ಪ್ರಿವಿಲೆಜ್ಡ್ ಬೇಡ, ಡಿವೈಸ್ ಸಿಗ್ರೂಪ್ ರೂಲಲ್ಲಿ (ಕಂಟೇನರ್ ಯಾವ ಡಿವೈಸ್ ಮುಟ್ಟಬಹುದು ಅನ್ನುವ ನಿಯಮ) 189 ಮೇಜರ್ ನಂಬರಿಗೆ ಅನುಮತಿ ಕೊಟ್ಟರೆ ಸಾಕು. ಲಿನಕ್ಸಲ್ಲಿ ಯುಎಸ್‌ಬಿ ಡಿವೈಸುಗಳ ನಂಬರ್ ಅದು.

ಒಪ್ಪಿಗೆ ಕೇಳುವುದಕ್ಕೆ ಕಾರಣ ಕೀ, ಅಂದರೆ ಫೋನು ಕಂಪ್ಯೂಟರನ್ನು ಗುರುತಿಸುವ ಗುಟ್ಟಿನ ಫೈಲ್. ಹೋಮ್ ಫೋಲ್ಡರಲ್ಲಿ ಡಾಟ್ ಆಂಡ್ರಾಯ್ಡ್ ಅಂತ ಇದೆ ಅಲ್ವಾ, ಅದರೊಳಗೆ ಎಡಿಬಿಕೀ ಅಂತ ಫೈಲ್ ಇರುತ್ತೆ. ಹೊಸ ಕಂಟೇನರ್ ಹೊಸ ಕೀ ಮಾಡಿಕೊಳ್ಳುತ್ತೆ, ಫೋನಿಗೆ ಅದು ಅಪರಿಚಿತ. ಆ ಫೋಲ್ಡರನ್ನೂ ಮೌಂಟ್ ಮಾಡಿ.

ಏಳು ಸುತ್ತು (ಚಿತ್ರದುರ್ಗ)

ಮೇಲಿನವರು ಹೇಳಿದ್ದು ಸರಿ. ಆದರೆ ನಾನು ಆ ದಾರಿಯಲ್ಲಿ ಒಂದು ವರ್ಷ ನಡೆದು ವಾಪಸ್ ಬಂದವನು. ಯುಎಸ್‌ಬಿಯನ್ನು ಕಂಟೇನರಿಗೆ ಎಳೆದುಕೊಳ್ಳುವ ಕೆಲಸವೇ ಬೇಡ.

ಎಡಿಬಿ ಅಂದರೆ ಒಂದಲ್ಲ, ಮೂರು. ನೀವು ಟೈಪ್ ಮಾಡುವುದು ಕ್ಲೈಂಟ್. ಹಿಂದೆ ಕೂತು ಯುಎಸ್‌ಬಿ ನೋಡಿಕೊಳ್ಳುವುದು ಸರ್ವರ್. ಫೋನಿನ ಒಳಗೆ ಇರುವುದು ಎಡಿಬಿಡಿ. ಕ್ಲೈಂಟ್ ಮತ್ತು ಸರ್ವರ್ ಮಾತಾಡುವುದು 5037 ಪೋರ್ಟಲ್ಲಿ. ಒಂದು ಫೋನಿನ ಯುಎಸ್‌ಬಿಯನ್ನು ಒಂದು ಸಲಕ್ಕೆ ಒಂದೇ ಸರ್ವರ್ ಹಿಡಿಯಬಹುದು. ನಿಮಗೆ ಬೆಳಿಗ್ಗೆಯಿಂದಲೇ ಕಾಣದೇ ಇರುವುದು ಇದಕ್ಕೇ. ಆಂಡ್ರಾಯ್ಡ್ ಸ್ಟುಡಿಯೋ ತನ್ನ ಸರ್ವರ್ ಶುರು ಮಾಡಿ ಫೋನನ್ನು ಹಿಡಿದುಕೊಂಡಿರುತ್ತೆ, ಕಂಟೇನರಿನ ಸರ್ವರಿಗೆ ಏನೂ ಉಳಿದಿರಲ್ಲ.

ಸರ್ವರ್ ಲ್ಯಾಪ್‌ಟಾಪಲ್ಲೇ ಇರಲಿ. ಕಂಟೇನರಲ್ಲಿ ಬರೀ ಕ್ಲೈಂಟ್ ಸಾಕು. ಉಬುಂಟು ಆದ್ದರಿಂದ ಕಂಟೇನರಿಗೆ ನೆಟ್‌ವರ್ಕ್ ಹೋಸ್ಟ್ ಅಂತ ಕೊಡಿ. ಆಗ ಕಂಟೇನರ್ ಲ್ಯಾಪ್‌ಟಾಪಿನ ನೆಟ್‌ವರ್ಕನ್ನೇ ಬಳಸುತ್ತೆ. ಒಳಗಿನ ಕ್ಲೈಂಟ್ 5037 ತಟ್ಟಿದರೆ ಹೊರಗಿನ ಸರ್ವರೇ ಓ ಅನ್ನುತ್ತೆ. ಕೀ ಕೂಡ ಹೊರಗಿನದೇ, ಒಂದು ಸಲ ಒಪ್ಪಿಗೆ ಕೊಟ್ಟರೆ ಆಯ್ತು. ಎಪಿಕೆ (ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ಕಂಟೇನರ್ ಒಳಗೇ ಇದ್ದರೂ ಇನ್‌ಸ್ಟಾಲ್ ಆಗುತ್ತೆ, ಫೈಲ್ ಓದಿ ಕಳಿಸುವುದು ಕ್ಲೈಂಟ್.

ಒಂದು ಎಚ್ಚರಿಕೆ. ಸರ್ವರನ್ನು ಡ್ಯಾಶ್ ಎ ಹಾಕಿ ಶುರು ಮಾಡಿ ಅಂತ ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ 5037 ನಿಮ್ಮ ವೈಫೈಯಲ್ಲಿ ಇರುವ ಎಲ್ಲರಿಗೂ ತೆರೆದುಕೊಳ್ಳುತ್ತೆ. ಆ ಪೋರ್ಟ್ ಪಾಸ್‌ವರ್ಡ್ ಕೇಳಲ್ಲ. ಕಿಂಡಿ ತೆರೆದಿಟ್ಟು ಕಾವಲಿನವನು ಊಟಕ್ಕೆ ಹೋದ ಹಾಗೆ. ಇಲ್ಲಿ ಒನಕೆ ಹಿಡಿದು ನಿಲ್ಲಲು ಓಬವ್ವನೂ ಇಲ್ಲ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಸರ್, ಮಾಡಿದೆ. ಮೊದಲ ಸಲ ಬೈಸಿಕೊಂಡೆ. ಸರ್ವರ್ ವರ್ಷನ್ 41, ಕ್ಲೈಂಟ್ 39, ಹೊಂದಲ್ಲ, ಸಾಯಿಸುತ್ತಿದ್ದೇನೆ ಅಂತ ಬಂತು. ನಿಜವಾಗಲೂ ಸಾಯಿಸಿತು. ಸ್ಟುಡಿಯೋದಲ್ಲೂ ಫೋನ್ ಹೋಯ್ತು, ಪಾರ್ಟ್ನರ್ ಒಂದು ಮಾತು ಅಂದ, ಇಲ್ಲಿ ಬರೆಯಲ್ಲ.

ಏಳು ಸುತ್ತು (ಚಿತ್ರದುರ್ಗ)

ಕಂಟೇನರಲ್ಲಿ ಎಡಿಬಿಯನ್ನು ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಿಂದ, ಅಂದರೆ ಆಪ್ಟ್‌ನಿಂದ ಹಾಕಿದ್ದೀರಿ ಅಲ್ವಾ? ಹಳೇ ಉಬುಂಟು ಇಮೇಜ್ ಇರಬೇಕು, 20.04ರಲ್ಲಿ ಸಿಗುವುದು 39ನೇದೇ. ಅದನ್ನು ತೆಗೆದು ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಜಿಪ್ ಹಾಕಿ. ಒಳಗೆ ಹೊರಗೆ ಎರಡೂ ಕಡೆ ಒಂದೇ ಇರಲಿ.

ಹರಿಹರ ಸೇತುವೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ವಿಂಡೋಸ್, ಡಾಕರ್ ಡೆಸ್ಕ್‌ಟಾಪ್. ನೆಟ್‌ವರ್ಕ್ ಹೋಸ್ಟ್ ಕೊಟ್ಟೆ, ಫೋನ್ ಕಾಣಲಿಲ್ಲ.

ಏಳು ಸುತ್ತು (ಚಿತ್ರದುರ್ಗ)

ಅಲ್ಲಿ ಕಂಟೇನರ್ ಓಡುವುದು ವರ್ಚುವಲ್ ಮಷೀನ್ ಒಳಗೆ. ಅದರ ಹೋಸ್ಟ್ ಬೇರೆ, ನಿಮ್ಮ ವಿಂಡೋಸ್ ಬೇರೆ. ಎಡಿಬಿ ಸರ್ವರ್ ಸಾಕೆಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಅದಕ್ಕೆ ಟಿಸಿಪಿ, ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್, 5037 ಅಂತ ಕೊಡಿ. ಫೋನು ಆಂಡ್ರಾಯ್ಡ್ 11 ಅಥವಾ ಆಮೇಲಿನದಾದರೆ ಕೇಬಲ್ ಬಿಟ್ಟು ವೈರ್‌ಲೆಸ್ ಡೀಬಗ್ಗಿಂಗಲ್ಲಿ ಪೇರ್ ಮಾಡಿದರೂ ಆಗುತ್ತೆ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಜಿಪ್ ಹಾಕಿದೆ, ಎರಡೂ ಕಡೆ 41. ನಾಲ್ಕು ಗಂಟೆಗೆ ಕರೆಂಟ್ ಹೋಯ್ತು. ಓಡುತ್ತಿದ್ದ ಟೆಸ್ಟ್ ಬಿತ್ತು, ಅದಕ್ಕೇನೂ ಮಾಡಕ್ಕಾಗಲ್ಲ. ಹಬ್ ಹತ್ತಿದ ಮೇಲೆ ಕಂಟೇನರ್ ಮುಟ್ಟದೆ ಎಡಿಬಿ ಡಿವೈಸಸ್ ಹೊಡೆದೆ, ನಾಲ್ಕೂ ಬಂದವು. ಒಡೆದ ಸ್ಕ್ರೀನಿನದು ಎರಡನೇ ಸಾಲಲ್ಲಿತ್ತು, ಅಡ್ಡ ತಿರುಗಿಸದೇನೇ. ದಾವಣಗೆರೆ ಕಡೆ ಬಂದರೆ ಹೇಳಿ ಸರ್, ಬೆಣ್ಣೆ ದೋಸೆ ನಂದು.

ಹಡಗಲಿ ಹುಡುಗ

ದೋಸೆ ಅವರಿಗೆ ಮಾತ್ರನಾ? ಕೀ ವಿಷಯ ಹೇಳಿದ್ದು ನಾನಲ್ವಾ ಅಣ್ಣಾ!